ಬೆಂಗಳೂರು ಮುಸ್ಲಿಮ್ಸ್ ಫುಟ್‌ಬಾಲ್ ಕ್ಲಬ್

ಬೆಂಗಳೂರಿನ ಹಳೆಯ ಹವ್ಯಾಸಿ ಫುಟ್‌ಬಾಲ್ ತಂಡ. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಟೂರ್ನಿಯನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡವೆಂಬುದು ಇದರ ಮುಖ್ಯ ಹಿರಿಮೆ.

ಹಿನ್ನೆಲೆ: ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ರೆಜಿಮೆಂಟುಗಳು ಫುಟ್‌ಬಾಲ್ ಆಡುತ್ತಿದ್ದವು. ಅವರ ಆಟ ನೋಡಿ ಕಲಿತ ಸುತ್ತಲಿನ ಬಡಾವಣೆಗಳ ಯುವಕರು ತಮ್ಮದೇ ತಂಡಗಳನ್ನು ಕಟ್ಟಿಕೊಂಡರು. ತಮಿಳು, ಉರ್ದು, ಕನ್ನಡ ಮಾತನಾಡುವ ದುಡಿಯುವ ಜನರ ಕೇರಿಗಳಲ್ಲಿ ಈ ಆಟ ಬೇರೂರಿತು. ಅಂದಿನ ಅನೇಕ ಆಟಗಾರರು ಬೂಟು ಹಾಕದೆ ಬರಿಗಾಲಲ್ಲೇ ಆಡುತ್ತಿದ್ದರು.

ಸಾಧನೆ: 1937ರಲ್ಲಿ ರೋವರ್ಸ್ ಕಪ್ ಗೆದ್ದ ತಂಡ, 1938ರಲ್ಲಿ ಅದನ್ನು ಉಳಿಸಿಕೊಂಡಿತು. 1937ರವರೆಗೆ ಆ ಕಪ್ ಸೇನಾ ತಂಡಗಳ ಸೊತ್ತಿನಂತಿತ್ತು. 1940ರ ಫೈನಲ್‌ನಲ್ಲಿ ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಎದುರು ಸೋತರೂ, 1948ರಲ್ಲಿ ಮೋಹನ್ ಬಾಗಾನ್ ತಂಡವನ್ನು ಮಣಿಸಿ ಮೂರನೆಯ ಬಾರಿ ಪ್ರಶಸ್ತಿ ಪಡೆಯಿತು.

ಆಟಗಾರರು: ಇಲ್ಲಿ ಆಡಿದವರಲ್ಲಿ ಹೆಸರಾಂತ ಮುಂಚೂಣಿ ಆಟಗಾರ ಅಹ್ಮದ್ ಖಾನ್ (1926–2017). 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದ ಅವರು, 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಇದ್ದರು. ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ‘ಪಂಚಪಾಂಡವರು’ ಎಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು.

ಪರಿಣಾಮ: ಬೆಂಗಳೂರಿನ ಪ್ರತಿಭೆಗಳನ್ನು ಕಲ್ಕತ್ತದ ಕ್ಲಬ್ಬುಗಳು ಸೆಳೆದುಕೊಳ್ಳುತ್ತಿದ್ದರೂ ಸ್ಥಳೀಯ ಆಟ ಬತ್ತಲಿಲ್ಲ. 1946 ಮತ್ತು 1952ರಲ್ಲಿ ಬೆಂಗಳೂರನ್ನೊಳಗೊಂಡ ಅಂದಿನ ಮೈಸೂರು ರಾಜ್ಯದ ತಂಡ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದದ್ದು ಇದೇ ನೆಲದ ಬಲದಿಂದ.