ನಿಲ್ಲಿಸಿದ್ದ ಕಾರಿನ ಬ್ರೇಕ್ ಹಿಡೀತಿಲ್ವಾ? ಗೇಟು ದಾಟುವ ಮೊದಲು ಇಷ್ಟು ನೋಡಿ

ಮಳೆಗಾಲದಲ್ಲಿ ಹದಿನೈದು ದಿನ, ತಿಂಗಳು ಮನೆ ಮುಂದೆ ನಿಂತ ಕಾರನ್ನು ಹೊರಗೆ ತೆಗೆದಾಗ ಬ್ರೇಕ್ ಮೊದಲಿನಂತೆ ಹಿಡಿಯದೇ ಇರುವುದು ಮಲೆನಾಡು, ಕರಾವಳಿ ಕಡೆ ಆಗಾಗ ಕೇಳಿಬರುವ ದೂರು. ಕೆಲವೊಮ್ಮೆ ಅದು ಬರೀ ತುಕ್ಕು. ಕೆಲವೊಮ್ಮೆ ಬ್ರೇಕ್ ಆಯಿಲ್ ಸೋರಿರುತ್ತೆ. ಅಂಥ ಕಾರನ್ನು ಗ್ಯಾರೇಜಿನವರೆಗೂ ಓಡಿಸಬಾರದು. ಯಾವುದು ಅನ್ನೋದು ಪೆಡಲ್ ಮೇಲೆ ಕಾಲಿಟ್ಟರೆ ಬಹುಮಟ್ಟಿಗೆ ಗೊತ್ತಾಗುತ್ತೆ.

ಮೊದಲು ಆಯಿಲ್ ಡಬ್ಬಿ
ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಮಟ್ಟ ಎರಡು ಗೆರೆಗಳ ನಡುವೆ ಇದೆಯಾ ನೋಡಿ. ಓಡುವ ಕಾರಿನಲ್ಲಿ ಪ್ಯಾಡ್ ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ನಿಂತ ಕಾರಿನಲ್ಲಿ ಪ್ಯಾಡ್ ಸವೆಯುವುದಿಲ್ಲ. ಹಾಗಾಗಿ ನಿಂತಲ್ಲೇ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಚಕ್ರಗಳ ಒಳಬದಿ, ಕಾರಿನ ಕೆಳಗಿನ ನೆಲದಲ್ಲಿ ಜಿಡ್ಡು ಇದೆಯಾ ಗಮನಿಸಿ.

ಪೆಡಲ್ ಏನು ಹೇಳುತ್ತೆ?
ಇಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ. ಅದು ಗಟ್ಟಿಯಾಗುತ್ತೆ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ.

• ಪೆಡಲ್ ಸ್ವಲ್ಪ ಕೆಳಗಿಳಿದು ನಿಂತರೆ ಬೂಸ್ಟರ್ ಸರಿಯಿದೆ.
• ಕಲ್ಲಿನಂತೆ ಗಟ್ಟಿಯಾಗೇ ಉಳಿದರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪು ಕೆಟ್ಟಿರಬಹುದು.
• ಒತ್ತಿ ಹಿಡಿದಂತೆ ನಿಧಾನವಾಗಿ ತಳಕ್ಕೆ ಇಳಿದುಹೋದರೆ ಆಯಿಲ್ ಸೋರಿಕೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಹೋಗಿದೆ.
• ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು.

ಕೊನೆಯ ಮೂರರಲ್ಲಿ ಯಾವುದೇ ಇದ್ದರೂ ಕಾರು ಅಲ್ಲೇ ಇರಲಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

ಬರೀ ತುಕ್ಕಾದರೆ
ಪೆಡಲ್, ಆಯಿಲ್ ಎರಡೂ ಸರಿಯಿದ್ದು, ಬ್ರೇಕ್ ಹಾಕಿದಾಗ ಕರಕರ ಸದ್ದು ಬಂದರೆ ಅದು ಡಿಸ್ಕಿನ ಮೇಲಿನ ತುಕ್ಕು. ಬೀಡು ಕಬ್ಬಿಣದ ಡಿಸ್ಕಿಗೆ ತೇವದಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತೆ. ಖಾಲಿ, ಸಮತಟ್ಟು ಜಾಗದಲ್ಲಿ ನಿಧಾನಕ್ಕೆ ಓಡಿಸುತ್ತಾ ಏಳೆಂಟು ಸಲ ಬ್ರೇಕ್ ಹಾಕಿದರೆ ಹೋಗುತ್ತೆ. ಆಮೇಲೂ ಸದ್ದು ನಿಲ್ಲದಿದ್ದರೆ ಅಥವಾ ಕಾರು ಒಂದೇ ಪಕ್ಕಕ್ಕೆ ಎಳೆದರೆ ಕ್ಯಾಲಿಪರ್ ಜಾಮ್ ಆಗಿರಬಹುದು, ತೋರಿಸಲೇಬೇಕು.

ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದ ಕಾರಿನ ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ಅಂಟಿಕೊಂಡು ಚಕ್ರ ತಿರುಗದೇ ಇರಬಹುದು. ಜೋರಾಗಿ ಆಕ್ಸಿಲರೇಟರ್ ಒತ್ತಿ ಕೀಳಲು ಹೋಗಬೇಡಿ. ಮುಂದಿನ ಸಲ ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಅಡ್ಡ ಇಟ್ಟು ಹ್ಯಾಂಡ್‌ಬ್ರೇಕ್ ಬಿಟ್ಟಿಡಿ.

ಘಾಟಿ ಇಳಿಯುವವರು ಗಮನಿಸಿ
ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬಿಸಿ ಬೇಕು. ನೀರು ಸೇರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯುತ್ತೆ. ಚಾರ್ಮಾಡಿ, ಆಗುಂಬೆಯಂಥ ಘಾಟಿಯಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಹಳೇ ಆಯಿಲ್ ಕುದಿದು ಆವಿಯಾಗಿ, ಪೆಡಲ್ ಒಮ್ಮೆಲೇ ತಳ ಸೇರಬಹುದು. ಮನೆ ಹತ್ತಿರ ಚೆನ್ನಾಗಿ ಹಿಡಿದ ಬ್ರೇಕ್ ತಿರುವಿನಲ್ಲಿ ಕೈಕೊಡುವುದು ಹೀಗೆ. ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು.

ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ ಹಾಕಿ. ಇಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಇನ್ನು, ಸೋರಿಕೆ ಹುಡುಕದೆ ಆಯಿಲ್ ತುಂಬಿಸಿ ಹೊರಟರೆ ರಿಪೇರಿ ಆದಂತಲ್ಲ. ತುಂಬಿಸಿದ್ದು ದಾರಿಯಲ್ಲಿ ಮತ್ತೆ ಸೋರುತ್ತೆ.