ಗೊಂಬೆಯ ಊರಿನ ಬಿರುದು

ಬಿರುದೆಂಬುದು ಪೂರ್ವದಲ್ಲಿ ಅರಸರಿಗೂ ದಂಡನಾಯಕರಿಗೂ ಸಲ್ಲುತ್ತಿದ್ದುದು ಶಾಸನಗಳನ್ನು ಓದಿದ ವಾಚಕರಿಗೆ ವಿದಿತವೇ ಆಗಿದೆ. ಕೈಕೆಲಸದ ದೆಸೆಯಿಂದ ಒಂದು ಊರಿಗೆ ಬಿರುದು ಬರುವುದು ಅಪೂರ್ವ. ಚನ್ನಪಟ್ಟಣವು ‘ಗೊಂಬೆಗಳ ನಾಡು’ ಎನಿಸಿಕೊಂಡುದು ಹೀಗೆ.

ಆಳುವವರು ಇಡುವ ಹೆಸರಿನ ಗತಿ ಬೇರೆ. ನೆರೆಯ ರಾಮನಗರವನ್ನೇ ನೋಡಬಹುದು. 1800ರಲ್ಲಿ ದಿವಾನ್ ಪೂರ್ಣಯ್ಯನವರು ಅಲ್ಲಿಯ ಪೇಟೆಗೆ ರೆಸಿಡೆಂಟ್ ಬ್ಯಾರಿ ಕ್ಲೋಸ್ ಸಾಹೇಬರ ಹೆಸರಿಟ್ಟು ಕ್ಲೋಸ್‌ಪೇಟೆಯೆಂದರು. ಸ್ವಾತಂತ್ರ್ಯಾನಂತರ ಅದು ರಾಮನಗರವಾಯಿತು. ಸಾಹೇಬರ ಹೆಸರು ಈಗ ಭೂವಿಜ್ಞಾನಿಗಳ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಮಾತಿನಲ್ಲಿ, ಎಂದರೆ ಬಂಡೆಗಳಲ್ಲಿ, ಉಳಿದಿದೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಯೂ 2025ರಲ್ಲಿ ಬೆಂಗಳೂರು ದಕ್ಷಿಣವೆನಿಸಿತು. ಆದರೆ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಂದ ‘ರೇಷ್ಮೆ ನಗರ’ವೆಂಬ ಹೆಸರನ್ನು ಜನರು ಬಿಟ್ಟಿಲ್ಲ.

ಟಿಪ್ಪು ಸುಲ್ತಾನನು ಪಾರಸಿಕ ದೇಶದಿಂದ ಕುಶಲಿಗಳನ್ನು ಕರೆಯಿಸಿ ಚನ್ನಪಟ್ಟಣದಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದನೆಂಬುದು ಜನಶ್ರುತಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ಕ್ರಮಗಳನ್ನು ಇಲ್ಲಿಗೆ ಹೊಂದಿಸಿದರೆಂದೂ ಹೇಳುವರು. ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಆಲೆಮರದ ಬಿಳಿಯ ಮೃದುವಾದ ತುಂಡನ್ನು ಒಣಗಿಸಿ, ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ರೂಪು ತೆಗೆಯುವರು. ಸುತ್ತುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ತಿಕ್ಕಾಟದ ಕಾವಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುವುದು. ಬಳಿಕ ಕೇದಗೆಯ ಗರಿಯಿಂದ ಉಜ್ಜಿ ಹೊಳಪು ಕೊಡುವರು. ಪಾಂಡವರನ್ನು ಸುಡಲೆಂದು ಕಟ್ಟಿದ ಜತುಗೃಹದ ಜತುವೂ ಇದೇ ಅರಗು. ಇಲ್ಲಿ ಅದು ಕೂಸುಗಳ ಗಿಲಕಿಗೆ ಸಂದಿದೆ!

ಈ ಲೋಕರೂಢಿಯ ಬಿರುದಿಗೆ ರಾಜಮುದ್ರೆ ಬಿದ್ದುದು 2005-06ನೆಯ ಸಾಲಿನಲ್ಲಿ. 1999ರ ಶಾಸನದಂತೆ ಭಾರತ ಸರ್ಕಾರವು ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳನ್ನು ಭೌಗೋಳಿಕ ಸೂಚಕವಾಗಿ ದಾಖಲಿಸಿತು. ಇದು ಬರಿಯ ಹೊಗಳಿಕೆಯಲ್ಲ. ಬೇರೆ ಕಡೆ ಮಾಡಿದ ಮಾಲನ್ನು ಈ ಊರಿನ ಹೆಸರಿನಿಂದ ಮಾರುವವನನ್ನು ತಡೆಯುವ ಅಧಿಕಾರವೂ ಇದರಲ್ಲಿದೆ.

ಆದರೆ ಇಲ್ಲೊಂದು ಸೂಕ್ಷ್ಮವುಂಟು. ಸಮಾರಂಭಗಳ ಭಾಷಣಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕಾನೂನಿನಂತೆ ಆ ಹೆಸರನ್ನು ಮಾಲಿನ ಮೇಲೆ ಬಳಸುವ ಹಕ್ಕು ‘ಅಧಿಕೃತ ಬಳಕೆದಾರ’ನೆಂದು ಪ್ರತ್ಯೇಕವಾಗಿ ದಾಖಲಾದವನದು, ದಾಖಲೆಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಲೂ ಬೇಕು. ತಲೆಮಾರಿನಿಂದ ಅರಗು ಹಚ್ಚಿ ಊರಿಗೆ ಬಿರುದು ತಂದವನು ಅರ್ಜಿ ಬರೆಯಲು ತಿಳಿಯದೆ ಆ ಪಟ್ಟಿಯಿಂದ ಹೊರಗುಳಿದರೆ, ಅದು ನ್ಯಾಯವೆಂದು ನನಗೆ ತೋರುವುದಿಲ್ಲ. ನಮ್ಮ ಸಂಘದಲ್ಲಿ ಬರೆಹ ಬಲ್ಲವರು ಅನೇಕರಿದ್ದಾರೆ. ವಾರಕ್ಕೊಂದು ಸಂಜೆ ಚನ್ನಪಟ್ಟಣಕ್ಕೆ ಹೋಗಿ, ಆ ಅರ್ಜಿಗಳನ್ನು ತುಂಬಿಕೊಡಲು ನಾಲ್ವರಾದರೂ ಮುಂದೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.