ಲಾಲ್‌ಬಾಗ್ ಬಂಡೆಯಿಂದ ಬಾಬಾಬುಡನ್‌ವರೆಗೆ: ಭೂಮಿಯ ಬಾಲ್ಯದ ಸಾಕ್ಷಿಗಳು

ಬೆಂಗಳೂರು: ಶ್ರೀಗಂಧದ ಕಾವಲ್, ಕೆಂಗೇರಿ, ವಿಜಯನಗರ ಮೊದಲಾದ ಪಶ್ಚಿಮ ಬೆಂಗಳೂರಿನ ಬಡಾವಣೆಗಳು ನಿಂತಿರುವುದು ಪಟ್ಟೆಪಟ್ಟೆಯಾದ ಬೂದುಬಣ್ಣದ ಶಿಲೆಯೊಂದರ ಮೇಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಇದಕ್ಕೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತಿರುವ ಗುಡ್ಡವೂ ಇದೇ ಶಿಲೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ.

ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷಗಳಾದವು. ಅದರ ಕವಚ, ಕಡಲು ಮತ್ತು ವಾಯುಮಂಡಲಗಳು ಬೇರೆಬೇರೆಯಾಗಿ ರೂಪುಗೊಂಡವಲ್ಲ. ಒಂದನ್ನೊಂದು ರೂಪಿಸುತ್ತಲೇ ಬೆಳೆದವು. ಕರ್ನಾಟಕದ ಶಿಲೆಗಳು ಈ ಕಥೆಯ ಮುಖ್ಯ ಅಧ್ಯಾಯಗಳನ್ನು ಉಳಿಸಿಕೊಂಡಿವೆ.

ನೀರಿಲ್ಲದೆ ನೆಲವಿಲ್ಲ

ಆದಿಯಲ್ಲಿ ಜ್ವಾಲಾಮುಖಿಗಳು ನೀರಾವಿ, ಇಂಗಾಲದ ಡೈ ಆಕ್ಸೈಡ್ ಹಾಗೂ ಸಾರಜನಕವನ್ನು ಹೊರಚೆಲ್ಲಿದವು. ಭೂಮಿ ತಣಿದಂತೆ ಆವಿ ಮಳೆಯಾಗಿ ಸುರಿದು ಕಡಲಾಯಿತು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ದೊರೆತ ಜಿರ್ಕಾನ್ ಹರಳುಗಳ ಪ್ರಕಾರ ಸುಮಾರು 430 ಕೋಟಿ ವರ್ಷಗಳ ಹಿಂದೆಯೇ ಭೂಮಿಯಲ್ಲಿ ದ್ರವರೂಪದ ನೀರಿತ್ತು. ಕಡಲಿನ ನೀರನ್ನು ಹೀರಿದ ಬಸಾಲ್ಟ್ ಶಿಲೆ ಆಳಕ್ಕಿಳಿದು ಭಾಗಶಃ ಕರಗಿದಾಗ ಗ್ರಾನೈಟ್ ಜಾತಿಯ ಹಗುರ ಶಿಲಾರಸ ಹುಟ್ಟಿತು. ಖಂಡಗಳ ಬುನಾದಿಯಾದ ನೈಸ್ ಶಿಲೆಗಳಿಗೆ ಇದೇ ಮೂಲ.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಲಾವಾಶಿಲೆಯಿದೆ. ಲಾವಾರಸ ನೀರಿನಡಿ ಉಕ್ಕಿ ಥಟ್ಟನೆ ತಣಿದಾಗ ಮಾತ್ರ ಇಂಥ ಆಕಾರ ಬರುತ್ತದೆ. ಇಂದು ಒಣನಾಡಾದ ಆ ಸೀಮೆ ಒಮ್ಮೆ ಜಲಾವೃತವಾಗಿತ್ತು ಎಂಬುದಕ್ಕೆ ಇದೇ ಪುರಾವೆ.

ಆಮ್ಲಜನಕ ಬಂದ ದಾರಿ

ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬಹುದು. ಬಾಬಾಬುಡನ್ ಶಿಲಾಸರಣಿಯ ತಳದ ಉರುಟುಗಲ್ಲಿನ ಪದರಗಳಲ್ಲಿ ಪೈರೈಟ್ ಮತ್ತು ಯುರೇನಿನೈಟ್ ಕಣಗಳಿವೆ. ಆಮ್ಲಜನಕವಿದ್ದಲ್ಲಿ ಇವು ನದಿಯಲ್ಲಿ ಉರುಳಿ ಬರುವಷ್ಟರಲ್ಲಿ ಕೆಟ್ಟುಹೋಗುತ್ತಿದ್ದವು. ಅಂಥ ಕಡಲಿನ ನೀರಿನಲ್ಲಿ ಕಬ್ಬಿಣ ಕರಗಿಯೇ ಇರುತ್ತಿತ್ತು.

ಈ ನಡುವೆ ಮಳೆ ಬಂಡೆಗಳನ್ನು ಸವೆಸಿ ಖನಿಜಾಂಶವನ್ನು ಕಡಲಿಗೆ ಸೇರಿಸಿತು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಚಾಪೆಯಂತೆ ಹರಡಿದವು. ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಅವು ಕಟ್ಟಿದ ಪದರಗಳಾದ ಸ್ಟ್ರೋಮಟೋಲೈಟ್‌ಗಳು ಕಾಣಸಿಗುತ್ತವೆ. ಅಂಥ ಕೆಲವು ಜೀವಿಗಳು ಬಿಸಿಲು ಬಳಸಿ ಆಮ್ಲಜನಕ ಬಿಡುಗಡೆ ಮಾಡಿದವು. ಕಡಲಿನಲ್ಲಿ ಕರಗಿದ್ದ ಕಬ್ಬಿಣ ಉತ್ಕರ್ಷಣಗೊಂಡು ತಳಕ್ಕಿಳಿಯಿತು. ಬಾಬಾಬುಡನ್, ಕುದುರೆಮುಖ, ಸಂಡೂರುಗಳ ಪಟ್ಟೆಗಟ್ಟಿದ ಕಬ್ಬಿಣದ ಶಿಲೆಗಳು ಹೀಗೆ ಕಡಲತಳದಲ್ಲಿ ಕುಳಿತ ಕಬ್ಬಿಣವೇ. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾಯುಮಂಡಲದಲ್ಲೂ ಆಮ್ಲಜನಕ ನೆಲೆಯೂರತೊಡಗಿತು.

ಉಳಿಯಬೇಕಾದ ದಾಖಲೆ

ಬಂಡೆ ಸವೆಯುವಾಗ ಇಂಗಾಲದ ಡೈ ಆಕ್ಸೈಡ್ ಸುಣ್ಣಕಲ್ಲಾಗಿ ಬಂಧಿತವಾಗುತ್ತದೆ. ಭೂಮಿಯ ತಾಪವನ್ನು ಹದದಲ್ಲಿಟ್ಟ ಈ ಕ್ರಿಯೆ ಇಂದಿಗೂ ನಡೆದಿದೆ. ಆದರೆ ಅದಕ್ಕೆ ಲಕ್ಷಾಂತರ ವರ್ಷಗಳು ಬೇಕು. ನಾವು ಕೆಲವೇ ದಶಕಗಳಲ್ಲಿ ಉಗುಳುವ ಹೊಗೆಯನ್ನು ಅರಗಿಸಿಕೊಳ್ಳುವ ವೇಗ ಅದಕ್ಕಿಲ್ಲ.

ಲಾಲ್‌ಬಾಗ್ ಮತ್ತು ಮರಡಿಹಳ್ಳಿಯ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿದೆ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಅಂತ್ಯಕ್ಕೆ ನಿಂತಿತು. ಆದರೆ ಇದೇ ಕಾಲದ ಅನೇಕ ಬಂಡೆಗಳಿಗೆ ಅಂಥ ರಕ್ಷಣೆಯಿಲ್ಲ. ಜಲ್ಲಿಯಾಗಿ, ಅದಿರಾಗಿ ಒಮ್ಮೆ ಪುಡಿಯಾದ ಬಂಡೆಯಿಂದ ಈ ಚರಿತ್ರೆಯನ್ನು ಮತ್ತೆ ಓದಲಾಗದು.